ಮೊದಲ ಉರಿ ಹಾಲಿಗೇ

ನಾನು ಒಂದು ಗ್ಯಾಸ್ ಒಲೆ. ಮೂರು ಬರ್ನರು, ಕಪ್ಪು ಗಾಜಿನ ಮೈ. ಕಾರ್ಖಾನೆಯಲ್ಲಿ ನನ್ನನ್ನು ಕಟ್ಟಿದವರು ಪ್ರತಿ ಬರ್ನರಿನ ಬುಡದಲ್ಲೂ ಹಿತ್ತಾಳೆಯ ಒಂದೊಂದು ಪುಟ್ಟ ಜೆಟ್ ಬಿಗಿದರು. ಗ್ಯಾಸು ಬರುವುದು ಆ ಜೆಟ್‌ನ ನಡುವಿನ ತೂತಿನಿಂದ. ಸೂಜಿಯ ಮೊನೆ ಕೂಡ ಕಷ್ಟಪಟ್ಟು ಹೋಗುವಂಥ ತೂತು. ನನ್ನ ಮಾನ ಮರ್ಯಾದೆಯೆಲ್ಲ ಅದರಲ್ಲೇ ಇದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಶಶಿಕಲಾ ಅವರ ಮದುವೆಗೆ ತವರಿನವರು ನನ್ನನ್ನು ಕೊಟ್ಟರು. ಹಾಗೆ ತುಮಕೂರಿನ ಮನೆ ಸೇರಿದೆ. ಅಲ್ಲಿದ್ದವರು ಮೂರೇ ಜನ: ಶಶಿಕಲಾ, ಸರ್ಕಾರಿ ಗುಮಾಸ್ತರಾಗಿದ್ದ ಗಂಡ ಓಂಕಾರ, ಅತ್ತೆ ಸಿದ್ದಗಂಗಮ್ಮ. ಅತ್ತೆ ನನ್ನನ್ನು ಕಂಡು, "ಗಾಜಿನ ಒಲೆನಾ? ಇದ್ರ ಮೇಲೆ ಮುದ್ದೆ ತಿರುವಕ್ಕಾಯ್ತದಾ?" ಎಂದು ಮೂತಿ ತಿರುವಿದರು. ತಿಂಗಳು ಕಳೆಯುವುದರೊಳಗೆ ನನ್ನನ್ನು ಬೇರೆಯವರು ಒರೆಸಿದರೆ ಅವರಿಗೆ ಸಮಾಧಾನವಾಗುತ್ತಿರಲಿಲ್ಲ.

ಮರುವರ್ಷ ಆ ಬೀದಿಗೆ ಪೈಪಿನ ಗ್ಯಾಸು ಬಂತು. ಅದರ ಜೊತೆ ಬಂದ ಒಬ್ಬ ಆಸಾಮಿ ಹೇಳದೆ ಕೇಳದೆ ನನ್ನನ್ನು ಬೋರಲು ಹಾಕಿ, ಹೊಟ್ಟೆಗೆ ಸ್ಪ್ಯಾನರ್ ಇಟ್ಟ. ನಾನು ದಂಗಾಗಿಹೋದೆ. ಹುಟ್ಟಿನಿಂದ ನನ್ನೊಳಗಿದ್ದ ಮೂರು ಜೆಟ್‌ಗಳನ್ನು ಕಿತ್ತು, ದೊಡ್ಡ ತೂತಿನ ಮೂರನ್ನು ಹಾಕಿದ.

"ಪೈಪಿನ ಗ್ಯಾಸು ಮೆಲ್ಲಗೆ ಬರುತ್ತೆ ಮೇಡಂ, ಅದಕ್ಕೆ ದೊಡ್ಡ ತೂತು. ಸಿಲಿಂಡರ್‌ದು ಜೋರು. ಮತ್ತೆ ಸಿಲಿಂಡರ್‌ಗೆ ಹೋದ್ರೆ ಈ ಹಳೇವನ್ನೇ ಹಾಕಿಸಿ. ಜೋಪಾನ," ಎಂದ.

ಶಶಿಕಲಾ ಅವನ್ನು ಪೊಟ್ಟಣ ಕಟ್ಟಿ ಸೇಫ್ಟಿ ಪಿನ್ನಿನ ಡಬ್ಬಿಯಲ್ಲಿಟ್ಟರು.

ಐದು ವರ್ಷ ತಣ್ಣಗೆ ನೀಲಿಯಾಗಿ ಉರಿದೆ. ಆಮೇಲೆ ಓಂಕಾರ ಅವರಿಗೆ ಮಧುಗಿರಿಗೆ ವರ್ಗವಾಯಿತು. ಅಲ್ಲಿನ ಬಾಡಿಗೆ ಮನೆಗೆ ಪೈಪಿರಲಿಲ್ಲ, ಸಿಲಿಂಡರೇ ಗತಿ. ಸಾಮಾನು ಇಳಿದ ದಿನ ಮಧ್ಯಾಹ್ನ ಫಿಟ್ಟರ್ ಖಲಂದರ್ ಸಾಬರು ಬಂದರು. ಗಂಡ ಹೆಂಡತಿ ಕೆಳಗೆ ಲಾರಿಯ ಹತ್ತಿರ ಇದ್ದರು. ಅಡುಗೆಮನೆಯಲ್ಲಿ ಇದ್ದವರು ಸಿದ್ದಗಂಗಮ್ಮ ಒಬ್ಬರೇ. ಸಾಬರು ರೆಗ್ಯುಲೇಟರ್ ಕೂರಿಸಿ, ಸೋಪಿನ ನೊರೆ ಹಚ್ಚಿ ಸೋರುತ್ತಿಲ್ಲವೆಂದು ನೋಡಿ, ಲೈಟರ್ ಕೇಳಿದರು.

"ಒಂದ್ಸಲ ಹಚ್ಚಿ ನೋಡ್ಬಿಡ್ತೀನಮ್ಮ."

"ಬೇಡ ಕಣಪ್ಪ. ನಾಳೆ ಬೆಳಿಗ್ಗೆ ಹಾಲುಕ್ಕಿಸ್ಬೇಕು. ಹೊಸ ಮನೇಲಿ ಮೊದ್ಲ ಉರಿ ಹಾಲಿಗೇ ಆಗ್ಬೇಕು. ಬರೀ ಒಲೆ ಉರಿಸ್ಬಾರ್ದು."

"ಉರಿ ನೋಡ್ದೆ ಹೋಗೋದು ಸರಿಯಲ್ಲಮ್ಮ."

"ಐದಾರು ವರ್ಷದಿಂದ ಉರೀತಿರೋ ಒಲೆ, ಏನೂ ಆಗಲ್ಲ. ನೀನು ಹೋಗ್ಬಾ."

ಸಾಬರು ಚೀಲ ಹೆಗಲಿಗೇರಿಸಿ ಹೊರಟರು. ದೊಡ್ಡ ತೂತುಗಳು ಇನ್ನೂ ಹೊಟ್ಟೆಯಲ್ಲೇ ಇವೆ ಎಂದು ಕಿರುಚಬೇಕೆನ್ನಿಸಿತು. ಮೂರು ಬಾಯಿದ್ದರೇನು, ಒಂದು ಮಾತಿಲ್ಲ.

ಬೆಳಿಗ್ಗೆ ನನಗೆ ಅರಿಶಿನ ಕುಂಕುಮ ಇಟ್ಟರು. ನಂಟರು ಬಾಗಿಲಲ್ಲಿ ನಿಂತಿದ್ದರು. ಶಶಿಕಲಾ ಹಾಲಿನ ಪಾತ್ರೆಯಿಟ್ಟು, ನಾಬ್ ತಿರುಗಿಸಿ, ಲೈಟರ್ ಒತ್ತಿದರು.

ಭಗ್ಗೆಂದಿತು. ನನ್ನಿಂದಲೇ ಬಂದ ಉರಿಯೆಂದು ನಾನೇ ನಂಬಲಿಲ್ಲ. ಪಾತ್ರೆಯನ್ನು ನುಂಗಿ, ಹಳದಿಯಾಗಿ, ಕರಿಮಸಿ ಕಾರುತ್ತಾ ಮಸಾಲೆ ಶೆಲ್ಫಿನವರೆಗೆ ಎದ್ದಿತು. ಶಶಿಕಲಾ ಅವರ ಮುಂಗೂದಲು ಸುಟ್ಟಿತು, ಬಲಗೈ ಮಣಿಕಟ್ಟು ಬೆಂದಿತು. ಪಾತ್ರೆ ಉರುಳಿ ಹಾಲೆಲ್ಲ ನೆಲಕ್ಕೆ ಚೆಲ್ಲಿತು. ಓಂಕಾರ ಓಡಿಬಂದು ರೆಗ್ಯುಲೇಟರ್ ಮುಚ್ಚಿದರು. ನನ್ನನ್ನು ತವರಿನಿಂದ ತಂದು ಮಗುವಿನ ಹಾಗೆ ನೋಡಿಕೊಂಡ ಕೈಯನ್ನೇ ನಾನು ಸುಟ್ಟಿದ್ದೆ.

"ತವರಿನ ಒಲೆ ಕಾಲಿಟ್ಟ ಮನೆಗೇ ಬೆಂಕಿ ಇಡ್ತಲ್ಲ," ಎಂದು ನಂಟರಲ್ಲಿ ಯಾರೋ ಅಂದರು. ಕೈ ಸುಟ್ಟಾಗ ಅಳದ ಶಶಿಕಲಾ ಆ ಮಾತಿಗೆ ಅತ್ತರು.

"ತಪ್ಪು ನಂದೇ. ಜೆಟ್ ಬದಲಾಯಿಸ್ಬೇಕಿತ್ತು, ಸಾಮಾನು ಸಾಗಿಸೋ ಗಡಿಬಿಡೀಲಿ ಮರ್ತುಬಿಟ್ಟೆ," ಎಂದರು.

ನಾನು ಸಿದ್ದಗಂಗಮ್ಮನವರನ್ನು ನೋಡಿದೆ. ಸೊಸೆಯ ಕೈಗೆ ಮುಲಾಮು ಹಚ್ಚುತ್ತಿದ್ದರು. ಹಿಂದಿನ ಮಧ್ಯಾಹ್ನದ ಮಾತು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಹೇಳಲಿಲ್ಲ. ಆ ಉರಿ ಎದ್ದಾಗಲೂ ನನಗೆ ಅಷ್ಟು ಆಘಾತ ಆಗಿರಲಿಲ್ಲ.

ನನ್ನನ್ನು ಬಾಲ್ಕನಿಯಲ್ಲಿ ಪೊರಕೆಯ ಪಕ್ಕ ಇಟ್ಟರು. ಜೆಟ್ ಬದಲಾಯಿಸಿದರೂ ಇನ್ನು ಇದನ್ನು ನಂಬುವುದು ಬೇಡ, ಗುಜರಿಗೆ ಹಾಕುವುದೆಂದು ಓಂಕಾರ ತೀರ್ಮಾನಿಸಿದ್ದರು. ಶಶಿಕಲಾ ಮಾತ್ರ, "ಒಂದ್ಸಲ ಸಾಬ್ರಿಗೆ ತೋರಿಸೋಣ ರೀ," ಎಂದು ಹಟ ಹಿಡಿದರು. ನಾಲ್ಕನೆಯ ದಿನ ಖಲಂದರ್ ಸಾಬರು ಬಂದು, ನನ್ನನ್ನು ಬೋರಲು ಹಾಕಿ, ಜೆಟ್ ನೋಡಿ ಹಣೆ ಚಚ್ಚಿಕೊಂಡರು. ಪಿನ್ನಿನ ಡಬ್ಬಿಯಿಂದ ಪೊಟ್ಟಣ ಬಂತು. ನನ್ನ ಹಳೆಯ ಜೆಟ್‌ಗಳು ಒಂದೊಂದಾಗಿ ತಮ್ಮ ಜಾಗ ಸೇರಿದವು.

ಓಂಕಾರ ಕಟುವಾಗಿ ಕೇಳಿದರು: "ಅವತ್ತೇ ಒಂದ್ಸಲ ಹಚ್ಚಿ ನೋಡೋದಲ್ವಾ ಸಾಬ್ರೇ? ಇದೇನಾ ನೀವು ಕೆಲ್ಸ ಮಾಡೋದು?"

ಸಾಬರು ಸಿದ್ದಗಂಗಮ್ಮನವರ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು. "ನೋಡ್ಬೇಕಿತ್ತು ಸಾರ್," ಎಂದಷ್ಟೇ ಅಂದು ಸ್ಕ್ರೂ ಬಿಗಿಯತೊಡಗಿದರು.

ಸಿದ್ದಗಂಗಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಅವ್ರು ಹಚ್ಚಿ ನೋಡ್ತೀನಿ ಅಂದ್ರು ಕಣೋ. ನಾನೇ ಬೇಡ ಅಂದೆ. ಎರಡು ಸಲ ಕೇಳಿದ್ರು, ಎರಡು ಸಲಾನೂ ನಾನೇ ಬೇಡ ಅಂದೆ." ಸೊಸೆಯ ಮುಖ ನೋಡದೆ ಹೇಳಿದರು: "ನೀನು ತಪ್ಪು ನಂದು ಅಂದಾಗ ನಾನು ಸುಮ್ಮನಿದ್ದೆ. ಬಾಯೇ ಬರ್ಲಿಲ್ಲ ಕಣಮ್ಮ."

ಸಾಬರು ನನ್ನನ್ನು ಮತ್ತೆ ಅಡುಗೆಮನೆಯ ಕಟ್ಟೆಗೆ ತಂದು ಸಿಲಿಂಡರಿಗೆ ಜೋಡಿಸಿದರು. ಶಶಿಕಲಾ ಎದ್ದುಹೋಗಿ ಫ್ರಿಜ್ಜಿನಿಂದ ಹಾಲು ತಂದರು. ಅತ್ತೆ ಆ ಪಾತ್ರೆ ಇಸಿದುಕೊಂಡು ಪಕ್ಕಕ್ಕಿಟ್ಟರು. "ಹಾಲು ಆಮೇಲೆ," ಎಂದು ತಾವೇ ಲೈಟರ್ ತೆಗೆದುಕೊಂಡು, ಸೊಸೆಯನ್ನು ಹಿಂದಕ್ಕೆ ಸರಿಸಿ, ಬರೀ ಒಲೆ ಹಚ್ಚಿದರು. ನನ್ನ ಉರಿ ಚಿಕ್ಕದಾಗಿ, ನೀಲಿಯಾಗಿ ಬಂತು.

ಈಗ ನನಗೆ ವಯಸ್ಸಾಗಿದೆ. ಎರಡು ಬರ್ನರು ಸತ್ತಿವೆ. ಅವರು ಸ್ವಂತ ಮನೆ ಕಟ್ಟಿದ್ದಾರೆ, ನಾನು ಹಿತ್ತಲಿನ ಕಟ್ಟೆಯ ಮೇಲೆ ಹಬ್ಬಕ್ಕಷ್ಟೇ ಉರಿಯುತ್ತೇನೆ. ಆ ಮನೆಯ ಗೃಹಪ್ರವೇಶದ ಹಿಂದಿನ ದಿನ ಒಳಗೆ ಹೊಸ ಒಲೆ ಬಂದಿತ್ತು. ಸಿದ್ದಗಂಗಮ್ಮ ಕೋಲೂರಿಕೊಂಡು ಬಂದು, ಪಾತ್ರೆಯಿಲ್ಲದೆ ಅದರ ಎಲ್ಲ ಬರ್ನರುಗಳನ್ನೂ ಹಚ್ಚಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ನಂಟರೊಬ್ಬರು, "ಇದೇನಕ್ಕ, ಹಾಲಿಗೆ ಮುಂಚೆ ಬರೀ ಒಲೆ ಉರಿಸ್ತಿದೀಯ?" ಎಂದು ಗಾಬರಿಯಾದರು.

ಸಿದ್ದಗಂಗಮ್ಮ ಉರಿಯಿಂದ ಕಣ್ಣು ತೆಗೆಯಲಿಲ್ಲ.

"ಹಾಲು ನಾಳೆ ಉಕ್ಕತದೆ," ಎಂದರು. "ನಾಳೆ ಅದನ್ನ ಹಚ್ಚೋದು ನನ್ ಸೊಸೆ."