ಏಸಿ ಸೋರಿದ ಮಧ್ಯಾಹ್ನ

ಅಣ್ಣನಿಗೆ ತಂಗಿಯ ಮೇಲೆ ಪ್ರೀತಿಯಿಲ್ಲ ಅಂತಲ್ಲ. ಅವನ ಪ್ರೀತಿಗೆ ಮೂಗು ತೂರಿಸುವ ಚಾಳಿ ಇತ್ತು, ಅಷ್ಟೇ. ಅವಳ ಗಂಡ ತೀರಿಕೊಂಡ ದಿನದಿಂದ, "ಒಂಟಿ ಹೆಂಗಸಿನ ಕೈಲಿ ಮನೆ ನೋಡ್ಕೊಳ್ಳೋಕೆ ಆಗುತ್ತಾ? ಬಾಡಿಗೆಗೆ ಕೊಟ್ಟು ನಮ್ಮಲ್ಲಿಗೆ ಬಂದ್ಬಿಡು" ಎಂದು ತಲೆ ತಿನ್ನುತ್ತಲೇ ಇದ್ದ. ರೋಸಿಹೋಗಿ ಅವಳು ಒಂದು ದಿನ ದುಡುಕಿದಳು.

"ಒಂದು ವಾರ ಬಂದು ಇದ್ದು ನೋಡು. ಒಂದೇ ಒಂದು ವಸ್ತು ಕೆಟ್ಟರೂ ಗಂಟುಮೂಟೆ ಕಟ್ಕೊಂಡು ನಿನ್ನ ಹಿಂದೆ ಬರ್ತೀನಿ."

ಮಾರನೆಯ ದಿನವೇ ಅವನು ಬ್ಯಾಗು ಹಿಡಿದು ಹಾಜರಾದ.

ಅವಳೇನು ಕೈಕಟ್ಟಿ ಕೂತವಳಲ್ಲ. ನಲ್ಲಿಯ ವಾಷರ್ ತಾನೇ ಬದಲಿಸುತ್ತಿದ್ದಳು. ತಿಂಗಳಿಗೊಮ್ಮೆ ಏಸಿಯ ಜಾಲರಿ ಬಿಚ್ಚಿ, ತೊಳೆದು, ನೆರಳಲ್ಲಿ ಒಣಗಿಸುತ್ತಿದ್ದಳು. ಕಾಯಿಲೆ ಬಿದ್ದ ಗಂಡ ಕೆಮ್ಮಿದಾಗಲೆಲ್ಲ ಧೂಳಿನ ಮೇಲೆ ಬೆಳೆದ ಹಗೆ ಅದು. ಅವನು ಹೋದರೂ ಹಗೆ ಹೋಗಿರಲಿಲ್ಲ. ಅಣ್ಣ ಮನೆಯೆಲ್ಲ ಸುತ್ತಿ ಕುಂದು ಹುಡುಕಿದ. ಬಾಗಿಲ ತಿರುಗಣಿಗೂ ಎಣ್ಣೆ ಬಿದ್ದಿತ್ತು. ಪಾಪ, ಅವನಿಗೆ ಊಟವೇ ರುಚಿಸಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಏಸಿ ಸೋರತೊಡಗಿತು. ಹಾಸಿಗೆಯೆಲ್ಲ ತೊಯ್ದು ತೊಪ್ಪೆಯಾಯಿತು. ಗೆದ್ದ ಖುಷಿ ಮುಖದಲ್ಲಿ ಕಾಣದಂತೆ ಹೆಣಗಾಡುತ್ತ ಅಣ್ಣ ಬಾಗಿಲಲ್ಲಿ ನಿಂತ.

"ಸೂಟ್‌ಕೇಸ್ ಎಲ್ಲಿದೆ ಹೇಳು, ನಾನೇ ಇಳಿಸ್ತೀನಿ."

ಅವಳ ಎದೆ ಧಸಕ್ಕೆಂದಿತು. ಇನ್ನು ಒಂದು ಲೋಟ ಕಾಫಿಗೂ ಅತ್ತಿಗೆಯ ಮುಖ ನೋಡಬೇಕು. ಸ್ವಿಚ್ ಆರಿಸಿ, ಏಣಿ ಹತ್ತಿ, ಮುಚ್ಚಳ ತೆಗೆದಳು. ಜಾಲರಿ ಸ್ವಚ್ಛವಾಗಿಯೇ ಇತ್ತು. ಅದರ ಕೆಳಗೆ ನೀರು ಹಿಡಿಯುವ ತಟ್ಟೆ ಮಾತ್ರ ತುಂಬಿ ತುಳುಕುತ್ತಿತ್ತು. ಅಂದರೆ ನೀರು ಹೊರಗೆ ಹೋಗುತ್ತಿಲ್ಲ. ಇಳಿದು ಬಾಲ್ಕನಿಗೆ ಓಡಿದಳು.

ಅಲ್ಲಿ ಏಸಿಯ ನೀರು ಬೀಳುವ ಪೈಪನ್ನು ಯಾರೋ ಬಕೆಟ್ಟಿನ ತಳದವರೆಗೆ ಇಳಿಸಿ, ಜಾರದಂತೆ ದಾರದಿಂದ ಬಿಗಿದಿದ್ದರು. ಬಕೆಟ್ಟು ತುಂಬಿತ್ತು. ಪೈಪಿನ ಬಾಯಿ ಮುಳುಗಿ, ಒಳಗೆ ಗಾಳಿ ಸಿಕ್ಕಿಕೊಂಡು, ನೀರು ಹಿಂದೆಯೇ ನಿಂತಿತ್ತು.

"ಇದು ಯಾರ ಕೆಲಸ?"

"ನಂದೇ," ಎಂದ ಅಣ್ಣ. "ನೆಲ ಒದ್ದೆ ಆಗ್ತಿತ್ತು. ನಿಂಗೆ ಒರೆಸೋ ಕೆಲಸ ತಪ್ಪಲಿ ಅಂತ."

ಅವಳು ದಾರ ಬಿಚ್ಚಿ ಪೈಪು ಮೇಲೆತ್ತಿದಳು. ಗುಳುಗುಳು ಎಂದು ನೀರು ಭರ್ರನೆ ಹರಿಯಿತು. ಅವಳಿಗೆ ಮೊದಲು ನಗು ಬಂತು, ಅದರ ಬೆನ್ನಿಗೇ ಸಿಟ್ಟು. ಸಿಟ್ಟು ಅಣ್ಣನ ಮೇಲಲ್ಲ, ಅಂಥ ಪಣ ಕಟ್ಟಿದ ತನ್ನ ಬುದ್ಧಿಯ ಮೇಲೆ.

ಅಣ್ಣ ಸುಧಾರಿಸಿಕೊಂಡು, "ಸರಿ, ಇದು ನನ್ನಿಂದ ಆಗಿದ್ದು, ಲೆಕ್ಕಕ್ಕಿಲ್ಲ. ವಾರ ಇನ್ನೂ ಮುಗಿದಿಲ್ವಲ್ಲ" ಎಂದ.

"ಮುಗೀತು," ಎಂದು ಅವಳು ತೊಯ್ದ ಹಾಸಿಗೆಯ ಒಂದು ತುದಿಯನ್ನು ಅವನ ಕೈಗಿಟ್ಟಳು. "ಆ ಮಾತು ವಾಪಸ್ ತಗೊಂಡೆ. ನಾಳೆ ನಲ್ಲಿ ಕೆಡಲಿ, ನಾಡಿದ್ದು ಫ್ರಿಜ್ ಕೆಡಲಿ, ಎಲ್ಲಾ ಒಟ್ಟಿಗೇ ಕೆಡಲಿ. ನಿಮ್ಮನೇಲಿ ಏನೂ ಕೆಡಲ್ವಾ ಅಣ್ಣ? ಕೆಟ್ಟಾಗ ನಿಂಗೆ ಯಾರಾದ್ರೂ ಮನೆ ಬಿಟ್ಟು ಬಾ ಅಂದಿದ್ದಾರಾ?"