ಓಟ್ಮಾರ್ ಬಿಟ್ಟುಕೊಟ್ಟ ಧೂಮಕೇತು

ನಮ್ಮ ನೌಕೆಗೆ ಮಾಡಲು ಕೆಲಸವಿರಲಿಲ್ಲ. ಚಂದ್ರನಿಂದಲೂ ಎಷ್ಟೋ ಆಚೆ ಅದನ್ನು ನಿಲ್ಲಿಸಿ, ಹೊಸ ಧೂಮಕೇತು ಯಾವಾಗ ಕಂಡೀತು ಎಂದು ನಾವು ಡಾರ್ಮ್‌ಸ್ಟಾಟ್‌ನ ನಿಯಂತ್ರಣ ಕೇಂದ್ರದಲ್ಲಿ ಕಾದು ಕೂತಿದ್ದೆವು. ಇಂಧನವಿದ್ದದ್ದು ಒಂದೇ ಪ್ರಯಾಣಕ್ಕೆ. ಹೊರಟರೆ ಮುಗಿಯಿತು, ಇನ್ನೊಂದರ ಕಡೆ ತಿರುಗುವಂತಿಲ್ಲ. ಈ ಹುಚ್ಚು ಉಪಾಯ ಓಟ್ಮಾರ್ ಅವರದ್ದು. ನಮಗೆಲ್ಲ ಪಥದ ಲೆಕ್ಕ ಕಲಿಸಿದ ಮುದುಕ, ಮಹಾ ಸಿಡುಕ. ಈಗ ಅವರ ಶ್ವಾಸಕೋಶ ಕೈಕೊಟ್ಟಿತ್ತು. ಹೆಚ್ಚೆಂದರೆ ಒಂದು ವರ್ಷ ಎಂದಿದ್ದರು ವೈದ್ಯರು.

ಆ ಶರತ್ಕಾಲದಲ್ಲಿ ಒಂದು ಧೂಮಕೇತು ಕಂಡಿತು. ಮುಂದಿನ ಬೇಸಿಗೆಯಲ್ಲಿ ಅದು ಭೂಮಿ ಸೂರ್ಯನನ್ನು ಸುತ್ತುವ ಸಮತಲವನ್ನು ದಾಟಲಿತ್ತು. ನೌಕೆ ಅದನ್ನು ಹಿಡಿಯಬಹುದಾದ ಜಾಗ ಅದೊಂದೇ. ಅಂದರೆ ಓಟ್ಮಾರ್ ಬದುಕಿರುವಾಗಲೇ! ಆದರೆ ಬಿಸಿಲು ತಾಗಿದ ಧೂಮಕೇತು ಅನಿಲ ಉಗುಳಿ ತನ್ನನ್ನು ತಾನೇ ದಾರಿಯಿಂದ ತಳ್ಳಿಕೊಳ್ಳುತ್ತದೆ. ಅದರ ಬೆನ್ನು ಹತ್ತಲು ಒಂದಿಷ್ಟು ಇಂಧನ ಉಳಿಸಿಕೊಳ್ಳಬೇಕು. ಉಳಿಸಿದರೆ ಪ್ರಯಾಣಕ್ಕೆ ಸಾಲದು. ಇಂಧನ ಸಾಲಲಿ ಎಂದು ನಮ್ಮ ತಂಡದ ಡೊಮೆನಿಕೊ ಲೆಕ್ಕದಲ್ಲಿ ಆ ತಳ್ಳಾಟವನ್ನು ಸೊನ್ನೆ ಮಾಡಿದ. ಅದು ಓಟ್ಮಾರ್ ಅವರಿಗಾಗಿ ಎಂದು ಎಲ್ಲರಿಗೂ ಗೊತ್ತಿತ್ತು.

ಹೊರಡಿಸುವ ಮುನ್ನ ಮೇಜಿನ ಸುತ್ತ ಒಬ್ಬೊಬ್ಬರೂ ಬಾಯಿಬಿಟ್ಟು ಒಪ್ಪಬೇಕು. ಒಬ್ಬರು ಬೇಡವೆಂದರೂ ನೌಕೆ ಕದಲುವುದಿಲ್ಲ. ಎಲ್ಲರೂ "ಹೊರಡಲಿ" ಎಂದೆವು. ಕೊನೆಯಲ್ಲಿ ಓಟ್ಮಾರ್ ಮೂಗಿನ ಆಮ್ಲಜನಕದ ಕೊಳವೆ ಸರಿಮಾಡಿಕೊಂಡರು.

"ಏನೋ ಡೊಮೆನಿಕೊ, ನಿನ್ನ ಧೂಮಕೇತು ಉಸಿರೇ ಆಡಲ್ವಾ?"

"ತುಂಬಾ ಕಮ್ಮಿ ಇರ್ಬಹುದು ಅಂತ..."

"ಇರ್ಬಹುದು! ನನ್ನ ಉಸಿರು ಎಣಿಸ್ಕೊಂಡು ಅದರ ಉಸಿರು ನಿಲ್ಲಿಸಿದ್ದೀಯಲ್ಲೋ, ಕತ್ತೆ. ಬೇಡ. ಕಾಯ್ರಿ, ಇನ್ನೊಂದು ಬರುತ್ತೆ."

ನನಗೆ ರೇಗಿತು. "ಅದು ಬರೋ ಹೊತ್ತಿಗೆ ನೀವಿರ್ತೀರಾ?"

"ಇರಲ್ಲ ವೀಬ್ಕೆ. ನನಗೇನು ಆಸೆ ಇಲ್ವಾ? ಆದ್ರೂ ಬೇಡ."

ನೌಕೆ ಇದ್ದಲ್ಲೇ ಉಳಿಯಿತು.

ಬೇಸಿಗೆಯಲ್ಲಿ ಧೂಮಕೇತು ಬಂತು, ದಾಟಿ ಹೋಯಿತು. ಅದು ದಾಟಿದ ಜಾಗ ನೋಡಿ ಡೊಮೆನಿಕೊ ಎದ್ದು ಹೊರಗೆ ಹೋದ. ಓಟ್ಮಾರ್ ಅಷ್ಟರಲ್ಲಿ ಆಸ್ಪತ್ರೆ ಸೇರಿದ್ದರು. ಧೂಮಕೇತು ದಾರಿಯಲ್ಲೇ ಒಡೆದು ಚೂರಾಯಿತು ಎಂದುಬಿಡೋಣ ಅಂತ ಅಲ್ಲಿಗೆ ಹೋಗುವ ಟ್ರಾಮ್‌ನಲ್ಲಿ ಕೂತು ಸುಳ್ಳು ಸಿದ್ಧಮಾಡಿಕೊಂಡೆ. ಅಂಥ ಸುಳ್ಳಿಗೆ ಪಾಪ ತಟ್ಟಲಾರದು ಎಂದುಕೊಂಡೆ.

"ಎಲ್ಲಿ ದಾಟಿತು?" ನಾನು ಒಳಗೆ ಕಾಲಿಡುತ್ತಲೇ ಓಟ್ಮಾರ್ ಕೇಳಿದರು.

ಜೀವಮಾನವಿಡೀ ನನ್ನ ಲೆಕ್ಕ ತಿದ್ದಿದ ಕಣ್ಣು ಅದು. ಸುಳ್ಳು ಬಾಯಿಗೆ ಬರಲಿಲ್ಲ.

"ಡೊಮೆನಿಕೊ ಹೇಳಿದ ಜಾಗದಲ್ಲೇ."

"ಎಷ್ಟು ಆಚೀಚೆ?"

"ಆಚೀಚೆ ಏನಿಲ್ಲ. ನೌಕೆಗೆ ಸಿಗ್ತಿತ್ತು."

ಆದರೂ ಅಂದು ಗೊತ್ತಿದ್ದಷ್ಟರಲ್ಲಿ ಅವರು ಬೇಡವೆಂದದ್ದೇ ಸರಿ. ಯಾರೆದುರು ಬೇಕಾದರೂ ಹೇಳಿಯೇನು. ಅವರೂ ಹಾಗೇ ಹೇಳಿ ನನ್ನನ್ನು ಗದರಲಿ ಎಂದು ಕಾದೆ.

"ಹಾಗಾದ್ರೆ ನೋಡಬಹುದಿತ್ತು," ಎಂದರು ಓಟ್ಮಾರ್, ಹೊದಿಕೆಯನ್ನು ಮುಖದ ಮೇಲಕ್ಕೆಳೆದುಕೊಂಡರು.