ಗ್ರಂಥಾಲಯದ ಏಳು ಕುರ್ಚಿ

ಮೊಳಕಾಲ್ಮೂರಿನ ರೇಷ್ಮೆ ನೂಲಿನ ವ್ಯಾಪಾರಿ ಕೊಟ್ಟೂರಪ್ಪನವರು ಊರ ಗ್ರಂಥಾಲಯದ ಸಲಹಾ ಸಮಿತಿಗೆ ಹದಿನೆಂಟು ವರ್ಷದಿಂದ ಅಧ್ಯಕ್ಷರು. ಸಂಬಳವಿಲ್ಲದ ಕೆಲಸ. ಮೂರು ತಿಂಗಳಿಗೊಮ್ಮೆ, ಶುಕ್ರವಾರ ಮಧ್ಯಾಹ್ನ, ಏಳು ಜನ ಕೂಡಿ ಮಂಡಕ್ಕಿ ಮೆಣಸಿನಕಾಯಿ ತಿಂದು, ಯಾವ ವಾರಪತ್ರಿಕೆ ತರಿಸಬೇಕೆಂದು ಮಾತಾಡಿ ಎದ್ದು ಹೋಗುತ್ತಿದ್ದರು.

ಎರಡು ಸಾವಿರದ ಒಂದರ ಬೇಸಿಗೆಯಲ್ಲಿ ಹೊಸ ಗ್ರಂಥಪಾಲಕಿ ಗಂಗಾಂಬಿಕಾ ಮೇಲಿನ ಕಚೇರಿಯ ಪತ್ರವೊಂದನ್ನು ಹಿಡಿದು ಅವರ ಅಂಗಡಿಗೆ ಬಂದಳು.

"ಮುಂದಿನ ಸಮಿತಿ ಊರಿದ್ದಂಗೆ ಇರ್ಬೇಕಂತೆ ಸರ್."

"ನಾವೇನು ಬೇರೆ ಊರಿನೋರಾ?"

"ಏಳು ಜನದಾಗೆ ಐದು ಜನ ಒಂದೇ ಬೀದಿಯೋರು. ಹೆಂಗಸ್ರು ಒಬ್ರೂ ಇಲ್ಲ. ಮಸೀದಿ ಕಡೆಯೋರಿಲ್ಲ, ಮಗ್ಗದ ಓಣಿಯೋರಿಲ್ಲ."

"ಬಂದ್ರೆ ಬ್ಯಾಡ ಅಂದೋರು ಯಾರಮ್ಮ? ಪ್ರತಿ ಸಲ ನೋಟೀಸು ಹಾಕ್ಸೀನಿ."

"ನೋಟೀಸು ಗ್ರಂಥಾಲಯದ ಒಳಗೈತೆ ಸರ್. ಒಳಗೇ ಬರದೋರು ಹೆಂಗೆ ಓದ್ತಾರೆ?"

"ಹಂಗಾದ್ರೆ ನಾವೇ ಹೋಗಿ ಕರೆಯಾನ," ಎಂದರು ಕೊಟ್ಟೂರಪ್ಪ.

ಮರುದಿನ ಬೆಳಿಗ್ಗೆ ಇಬ್ಬರೂ ಓಣಿಗಳಿಗೆ ಹೊರಟರು. ನಲವತ್ತು ವರ್ಷ ಆ ಓಣಿಗಳಿಗೆ ನೂಲು ಕಳಿಸಿದ್ದವರು ಕೊಟ್ಟೂರಪ್ಪ. ಹೋಗಿ ಬರುತ್ತಿದ್ದವನು ಮಾತ್ರ ಗುಮಾಸ್ತ. ಈಗ ನಡೆಯುತ್ತಿದ್ದರೆ ನಿದ್ದೆಯಲ್ಲಿ ಕಂಡ ಊರಿನಂತಿತ್ತು. ಗೋಡೆಯಿಂದ ಗೋಡೆಗೆ ಕಟ್ಟಿದ ಬಿದಿರ ಗಳಗಳಲ್ಲಿ ಬಣ್ಣ ಕುಡಿದ ರೇಷ್ಮೆ ಒಣಗುತ್ತಿತ್ತು. ಅದರ ಕೆಳಗೆ ಬಗ್ಗಿ ದಾಟಿದಾಗ ಅವರ ಬಿಳಿ ಅಂಗಿ ಒಂದು ಗಳಿಗೆ ಕುಂಕುಮದ ಬಣ್ಣವಾಯಿತು, ಮರುಗಳಿಗೆ ಗಿಣಿಹಸಿರು. ಮನೆಮನೆಯಿಂದ ಮಗ್ಗದ ಸದ್ದು. ಸ್ವಲ್ಪ ಹೊತ್ತಿನಲ್ಲಿ ಆ ಸದ್ದು ಮನೆಗಳಿಂದ ಬರುತ್ತಿದೆಯೋ ತಮ್ಮ ಎದೆಯೊಳಗಿಂದಲೋ ಅವರಿಗೆ ತಿಳಿಯದಾಯಿತು.

ಮಸೀದಿಯ ಹಿಂದಿನ ಮನೆಯ ಬಾಗಿಲಲ್ಲಿ ಸಕೀನಾ ಬೀ ರಾಟೆ ತಿರುಗಿಸಿ ನೂಲು ಸುತ್ತುತ್ತಿದ್ದಳು. ಐವತ್ತು ದಾಟಿದ ಹೆಂಗಸು. ಕೈ ನಿಲ್ಲಿಸದೆಯೇ ನಕ್ಕಳು.

"ಬರ್ರಿ ಸಾಹುಕಾರ್ರೇ. ನಿಮ್ಮ ನೂಲೇ ಇದು. ಮೂವತ್ತು ವರ್ಷ ಆತು ಸುತ್ತಾಕ್ಹತ್ತಿ, ನಿಮ್ಮ ಮುಖ ನೋಡಿದ್ದು ಇವತ್ತೇ."

ಸಮಿತಿಯ ಮಾತೆತ್ತಿದಾಗ ಆಗದೆಂದು ತಲೆಯಾಡಿಸಿದಳು. "ಶುಕ್ರವಾರ ಮಧ್ಯಾಹ್ನ ಜುಮ್ಮಾ ನಮಾಜು. ನಮ್ಮ ಗಂಡಸ್ರು ಬರಂಗಿಲ್ಲ. ನಲ್ಲಿ ನೀರು ಬರೋದೂ ಅದೇ ಹೊತ್ತಿಗೆ. ಹೆಂಗಸ್ರು ಹೆಂಗೆ ಬರ್ತಾರೆ?"

ಶುಕ್ರವಾರ ಗೊತ್ತು ಮಾಡಿದವರು ಯಾರು ಎಂದು ಕೊಟ್ಟೂರಪ್ಪ ನೆನೆದರು. ತಾವೇ. ಅವತ್ತು ಅವರ ಅಂಗಡಿಗೆ ರಜ. ದಿನ ಬದಲಿಸುತ್ತೇವೆಂದ ಮೇಲೆ ಸಕೀನಾ ಬೀ ಒಪ್ಪಿದಳು.

ಮಗ್ಗದ ಓಣಿಯ ಲಕ್ಷ್ಮಕ್ಕನ ಮನೆಮಾತು ತೆಲುಗು. "ನಾಕು ಚದುವು ರಾದು ಸಾಮೀ," ಎಂದು ಕೈಮುಗಿದಳು. "ಓದು ಬರ್ದೋಳು ಪುಸ್ತಕದ ಮನೇಲಿ ಏನ್ ಮಾಡ್ಲಿ?"

"ಅಲ್ಲಿ ಏನಿದ್ರೆ ನೀನು ಬರ್ತೀಯ, ಅದನ್ನ ಹೇಳಾಕೇ ಬಾ ಅಕ್ಕ," ಎಂದಳು ಗಂಗಾಂಬಿಕಾ.

ಲಕ್ಷ್ಮಕ್ಕ ಲಾಳಿಯನ್ನು ಮಗ್ಗದ ಮೇಲಿಟ್ಟಳು. "ಯಾರಾದ್ರೂ ಓದಿ ಹೇಳ್ತಾರಾ?" ಎಂದಳು.

ಬೆಟ್ಟದ ಬುಡದಲ್ಲಿ ಕುರಿ ಕಾಯುವ ಚಿನ್ನಯ್ಯನೂ ಒಪ್ಪಿದ. ಮೂರು ಜನ ಸಿಕ್ಕರು. ಸಮಿತಿಯಲ್ಲಿ ಜಾಗ ಮಾತ್ರ ಏಳೇ. ಇಬ್ಬರು ಮುದುಕರು ತಾವಾಗಿಯೇ ಬಿಟ್ಟುಕೊಟ್ಟರು. ಇನ್ನೊಂದನ್ನು ಬಿಟ್ಟುಕೊಡಲು ಕೊಟ್ಟೂರಪ್ಪ ಸಮಿತಿಯಲ್ಲೇ ಇದ್ದ ತಮ್ಮ ಹೆಂಡತಿಯ ತಮ್ಮ ಮುರುಗೇಂದ್ರಪ್ಪನನ್ನು ಕೇಳಿದರು. ಅವನ ಮುಖ ಕೆಂಪಾಯಿತು.

"ನಾನೇನು ತಪ್ಪು ಮಾಡೀನಿ ಭಾವ?"

"ತಪ್ಪೇನಿಲ್ಲಪ್ಪ. ಕುರ್ಚಿ ಏಳೇ ಅದಾವು."

"ಹಂಗಾದ್ರೆ ನಿನ್ನ ಕುರ್ಚಿ ಬಿಡು, ನೋಡಾನ!"

ಆ ಮಧ್ಯಾಹ್ನ ಅಂಗಡಿಯ ಗಾದಿಯ ಮೇಲೆ ಒರಗಿದಾಗ ಕೊಟ್ಟೂರಪ್ಪನವರಿಗೆ ಜೊಂಪು ಹತ್ತಿತು. ಕನಸಿನಲ್ಲಿ ಗ್ರಂಥಾಲಯ ಓಣಿಯಂತೆ ಉದ್ದವಾಗಿತ್ತು. ಕಪಾಟುಗಳ ನಡುವೆ ಒದ್ದೆ ರೇಷ್ಮೆ ತೂಗುತ್ತಿತ್ತು. ತಾವು ಕೂತ ಕುರ್ಚಿಯ ಹಿಂದೆ ಜನ ಸಾಲಾಗಿ ನಿಂತಿದ್ದರು. ಯಾರೂ ಎದ್ದೇಳಿ ಎನ್ನಲಿಲ್ಲ, ಸುಮ್ಮನೆ ನಿಂತಿದ್ದರು. ಎಚ್ಚರವಾದೊಡನೆ ಎದ್ದು ಕೂತರು. ಬಿಳಿ ಹಾಳೆ ತೆಗೆದು ರಾಜೀನಾಮೆ ಬರೆದರು.

ಹೊಸ ಸಮಿತಿ ಬುಧವಾರ ಬೆಳಿಗ್ಗೆ ಸೇರಿತು. ಮುರುಗೇಂದ್ರಪ್ಪನ ಕುರ್ಚಿ ಉಳಿದಿತ್ತು. ಆದರೂ ಭಾವನಿಲ್ಲದ ಸಮಿತಿ ತನಗೂ ಬೇಡವೆಂದು ಅವನು ಬರಲಿಲ್ಲ. ವರ್ಷವೊಂದು ಕಳೆದರೂ ಭಾವನ ಜೊತೆ ಮಾತು ಬಿಟ್ಟೇ ಇದ್ದ. ಅದು ಕೊಟ್ಟೂರಪ್ಪನವರಿಗೆ ನೋವಾಗಿಯೇ ಉಳಿಯಿತು.

ಮಗ್ಗಗಳಿಗೆ ಬಿಡುವಾಗುವ ಎರಡು ಗಂಟೆಗೆ ವಾರಕ್ಕೊಮ್ಮೆ ಗಟ್ಟಿಯಾಗಿ ಓದಿ ಹೇಳಬೇಕೆಂದು ಲಕ್ಷ್ಮಕ್ಕ ಕೇಳಿದಾಗ, ಹಳೆಯ ಸದಸ್ಯರೊಬ್ಬರು ಗ್ರಂಥಾಲಯದಲ್ಲಿ ಮೌನವಿರಬೇಕು ಎಂದರಂತೆ. "ಬಾಯಿ ಮುಚ್ಕೊಂಡಿರೋದು ನಮಗೆ ಮನೇಲೇ ಐತಲ್ರಿ," ಎಂದಳಂತೆ ಸಕೀನಾ ಬೀ. ಸಕೀನಾ ಬೀ ಕೇಳಿದ್ದ ಉರ್ದು ಪತ್ರಿಕೆಯ ಜೊತೆ ಬುಧವಾರದ ಓದಿಗೂ ಒಪ್ಪಿಗೆ ಸಿಕ್ಕಿತು.

ಒಂದು ಬುಧವಾರ, ಓದಿ ಹೇಳುತ್ತಿದ್ದ ಗಂಗಾಂಬಿಕಾಳ ಗಂಟಲು ನೆಗಡಿಯಿಂದ ಕಟ್ಟಿತ್ತು. ಪತ್ರಿಕೆ ನೋಡಲು ಬಂದಿದ್ದ ಕೊಟ್ಟೂರಪ್ಪನವರ ಕೈಗೆ ಪುಸ್ತಕ ಕೊಟ್ಟಳು. ನೆಲದ ಮೇಲೆ ಇಪ್ಪತ್ತು ಹೆಂಗಸರು. ಕಿಟಕಿಯಾಚೆ ಬಿಸಿಲಿಗೆ ಬೆಟ್ಟದ ಬಂಡೆಗಳು ನೀರಿನಂತೆ ಅಲುಗುತ್ತಿದ್ದವು. ಅವರು ತಡವರಿಸುತ್ತಾ ಓದಿದರು. ಓದುತ್ತಾ ಓದುತ್ತಾ ದನಿ ಹದವಾಯಿತು. ಉಗುಳು ನುಂಗಲು ನಿಲ್ಲಿಸಿದಾಗ ಲಕ್ಷ್ಮಕ್ಕ ಮುಂದೆ ಬಾಗಿದಳು.

"ಆಮೇಲೇನಾತು ಸಾಮೀ?"

ಹದಿನೆಂಟು ವರ್ಷ ಆ ಪುಸ್ತಕ ಅವರ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು.

"ನನಗೂ ಗೊತ್ತಿಲ್ಲವ್ವ," ಎಂದು ಕೊಟ್ಟೂರಪ್ಪ ಹಾಳೆ ತಿರುವಿದರು.